ಹೆಸರು ಗೊತ್ತು, ಸಂಬಂಧ ಗೊತ್ತಿಲ್ಲ: ರಂಗನಾಥನ್ ಅವರ ಎರಡು ಚುಕ್ಕಿಯ ಕಥೆ

ಈ ವಾರದ ಮಾತನ್ನು ಇಲ್ಲಿ ಬರಹದ ರೂಪದಲ್ಲಿ ಹಾಕ್ತಾ ಇದ್ದೀನಿ. ವಿಡಿಯೊದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ. ಹಿಂಜೆವಾಡಿ ಕಡೆಯ ಕಂಪನಿ ಬಸ್ಸಿನಲ್ಲಿ ಕೂತು ಓದೋರಿಗೆ ಇಯರ್‌ಫೋನ್ ಬೇಕಾಗಲ್ಲ.

ಮೊದಲು ಮನೆಯ ಮಾತು. ನನ್ನ ಮಗಳು ಪುಣೆಯಲ್ಲಿ ಎರಡನೇ ಕ್ಲಾಸು. ಸ್ಕೂಲಿನಿಂದ ಒಂದು ಪ್ರಾಜೆಕ್ಟ್ ಕೊಟ್ಟಿದ್ರು, ಮನೆಯವರ ವಂಶವೃಕ್ಷ ಮಾಡಿ ಅಂತ. ಅಚ್ಚು ಹಾಕಿದ ಹಾಳೆ. ಅದರಲ್ಲಿ ಮೊದಲೇ ಬಾಕ್ಸುಗಳಿವೆ: ಫಾದರ್, ಮದರ್, ಅಂಕಲ್, ಆಂಟಿ, ಕಸಿನ್. ನಡುವೆ ಗೆರೆಗಳು. ಮಗಳು ನನ್ನ ಅಣ್ಣನ ಹೆಸರನ್ನು ಅಂಕಲ್ ಬಾಕ್ಸಿನಲ್ಲಿ ಬರೆದಳು, ನನ್ನ ಹೆಂಡತಿಯ ತಮ್ಮನ ಹೆಸರನ್ನೂ ಅಲ್ಲೇ ಬರೆದಳು. ಆಮೇಲೆ ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು: "ಅಪ್ಪಾ, ದೊಡ್ಡಪ್ಪನೂ ಅಂಕಲ್, ಮಾಮನೂ ಅಂಕಲ್. ಹಾಗಾದ್ರೆ ಇಬ್ಬರೂ ನಂಗೆ ಒಂದೇನಾ?"

ಒಂದೇ ಅಲ್ಲ ಪುಟ್ಟಿ ಅಂದೆ. ದೊಡ್ಡಪ್ಪನ ಮಗ ನಿನಗೆ ಅಣ್ಣ ಆಗ್ತಾನೆ. ಮಾಮನ ಮಗನನ್ನು ನಮ್ಮೂರಲ್ಲಿ ಅಣ್ಣ ಅನ್ನಲ್ಲ, ಭಾವ ಅಂತಾರೆ. ಹಾಳೆಯಲ್ಲಿ ಇಬ್ಬರೂ ಕಸಿನ್. ಹಾಳೆ ಸುಳ್ಳು ಹೇಳ್ತಾ ಇಲ್ಲ. ಹೆಸರುಗಳು ಸರಿಯಾಗಿವೆ, ಗೆರೆಗಳೂ ಇವೆ. ಆದರೆ ಗೆರೆ ಏನು ಹೇಳುತ್ತೆ ಅನ್ನೋದು ಮಾತ್ರ ಎಲ್ಲೂ ಇಲ್ಲ.

ಅದೇ ವಾರ ಆಫೀಸಿನಲ್ಲಿ ಇನ್ನೊಂದು. ನಮ್ಮ ಟೀಮಿನ ಡಾಕ್ಯುಮೆಂಟೇಶನ್ನಿನಲ್ಲಿ ಎರಡು ಪುಟ ಇವೆ, ಒಂದು ತೆರಿಗೆ ದರಗಳ ಟೇಬಲ್ ಬಗ್ಗೆ, ಇನ್ನೊಂದು ಬಿಲ್ಲಿಂಗ್ ಟೇಬಲ್ ಬಗ್ಗೆ. ಎರಡರ ಕೆಳಗೂ "ರಿಲೇಟೆಡ್" ಅಂತ ಒಂದು ಲಿಂಕು. ಮೊದಲನೆಯದರಲ್ಲಿ ಒಂದು ಕಾಲಂ ಹೆಸರು ಬದಲಾಯಿಸಿದೆವು. ರಾತ್ರಿ ಒಂದೂವರೆಗೆ ಫೋನು. ಬಿಲ್ಲಿಂಗ್ ಜಾಬ್ ಬಿದ್ದಿತ್ತು. ಬೆಳಗಾಗುವ ಹೊತ್ತಿಗೆ ತಿಳೀತು, ಎರಡನೇ ಟೇಬಲ್ಲು ಪ್ರತಿರಾತ್ರಿ ಮೊದಲನೆಯದರಿಂದಲೇ ಹುಟ್ಟುತ್ತೆ ಅಂತ. ಲಿಂಕ್ ಹಾಕಿದವರಿಗೆ ಆ ವಿಷಯ ಗೊತ್ತಿತ್ತು. ಅವರು ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಅವರು ಬರೆದಿಟ್ಟು ಹೋಗಿದ್ದು ಸಂಬಂಧ "ಇದೆ" ಅಂತ ಮಾತ್ರ. ಯಾವ ಸಂಬಂಧ, ಯಾವ ಕಡೆಯಿಂದ ಯಾವ ಕಡೆಗೆ, ಎರಡೂ ಅವರ ಜೊತೆಗೇ ಹೋಗಿತ್ತು.

ಮನೆಯ ಹಾಳೆಗೂ ಆಫೀಸಿನ ಪುಟಕ್ಕೂ ಇರುವುದು ಒಂದೇ ಕಾಯಿಲೆ. ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ್ದೂ ಅಲ್ಲ. ಜ್ಞಾನವನ್ನೆಲ್ಲ ಒಂದು ಕಡೆ ಜೋಡಿಸಿಡಬೇಕು ಅಂತ ಹೊರಟ ವಿದ್ವಾಂಸರು ನೂರು ವರ್ಷಕ್ಕೂ ಹಿಂದಿನಿಂದ ಇದರ ಜೊತೆ ಗುದ್ದಾಡಿದ್ದಾರೆ. ಅದಕ್ಕೆ ಸಿಕ್ಕ ಬಹಳ ಆಳವಾದ ಉತ್ತರಗಳಲ್ಲಿ ಒಂದು ಮದ್ರಾಸಿನಲ್ಲಿ ಹುಟ್ಟಿ ಬೆಂಗಳೂರಿಗೆ ಬಂತು. ನಾನು ಎಂ.ಟೆಕ್ ಮುಗಿಸಿ ಎಷ್ಟೋ ವರ್ಷ ಆದಮೇಲೆ ಇದು ನನಗೆ ಗೊತ್ತಾಯ್ತು. ಆ ನಾಚಿಕೆಗೇ ಈ ಸಂಚಿಕೆ ಮಾಡಿದ್ದು.

ಕನ್ನಡದ ನೆರೆಮನೆ ಫಿನ್ನಿಶ್

ಲೈಬ್ರರಿಗಳಿಂದ ಶುರು ಮಾಡೋಣ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಒಂದು ಪದ್ಧತಿ ಪ್ರಕಟಿಸಿದರು. ಲೋಕದ ಎಲ್ಲ ವಿದ್ಯೆಯನ್ನೂ ಹತ್ತು ಭಾಗ ಮಾಡು, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡು, ಹೀಗೇ ಇಳೀತಾ ಹೋಗು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸಿದ್ದ ಚೀಟಿ ನೆನಪಿದೆಯಲ್ಲ, 500 ಅಂದ್ರೆ ವಿಜ್ಞಾನ, 900 ಅಂದ್ರೆ ಇತಿಹಾಸ ಭೂಗೋಳ. ಅದು ಇದೇ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಟ್ರೀ. ಪ್ರತಿ ನೋಡಿಗೆ ಒಬ್ಬನೇ ಅಪ್ಪ. ಸರಳ, ಗಟ್ಟಿ, ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಅದಕ್ಕೇ ಜಗತ್ತೆಲ್ಲ ಹಬ್ಬಿತು.

ಆದರೆ ಮರಕ್ಕೆ ಬೇರು ಎಲ್ಲಿ ನೆಟ್ಟಿರೋ ಅಲ್ಲಿಂದಲೇ ಎಲ್ಲವೂ ಕಾಣುತ್ತೆ. ಧರ್ಮಕ್ಕೆ ಡ್ಯೂಯಿ ಕೊಟ್ಟಿದ್ದು 200ರ ಸಾಲು. ಅದರಲ್ಲಿ 220ರಿಂದ 280ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಉಳಿದ ಜಗತ್ತಿನ ಧರ್ಮಗಳೆಲ್ಲ 290ರೊಳಗೆ ನುಗ್ಗಿಕೊಳ್ಳಬೇಕು. ಹಿಂದೂ ಧರ್ಮ 294.5. ಭಾಷೆಗಳ ಕಥೆ ಇನ್ನೂ ಸ್ವಾರಸ್ಯ. ಕನ್ನಡ ಭಾಷೆಯ ಸಂಖ್ಯೆ 494.814. ಅದೇ 494ರ ಕೆಳಗೆ ಟರ್ಕಿಶ್ ಇದೆ, ಫಿನ್ನಿಶ್ ಇದೆ. ಉತ್ತರ ಧ್ರುವದ ಹತ್ತಿರದ ಭಾಷೆಯೂ ಧಾರವಾಡದ ಭಾಷೆಯೂ ಒಂದೇ ಮನೆಯಲ್ಲಿ! ಇಂಗ್ಲಿಷ್, ಜರ್ಮನ್, ಫ್ರೆಂಚ್‌ಗಳಿಗೆ ಒಂದೊಂದು ಸ್ವಂತ ಬಂಗಲೆ ಕಟ್ಟಿಕೊಟ್ಟಮೇಲೆ ಉಳಿದವರನ್ನು ಕೂಡಿಹಾಕಿದ ವಠಾರ ಇದು. ಪಕ್ಕಪಕ್ಕ ಇರೋದು ಕಾಣುತ್ತೆ, ಯಾಕೆ ಪಕ್ಕ ಇವೆ ಅಂತ ಸಂಖ್ಯೆ ಹೇಳಲ್ಲ.

ಇನ್ನೊಂದು ತೊಂದರೆ. ನಿಜವಾದ ಪುಸ್ತಕಗಳು ಒಂದೇ ಕೊಂಬೆಯ ಮೇಲೆ ಕೂರಲ್ಲ. ಮಳೆ ಕೈಕೊಟ್ಟರೆ ಹತ್ತಿಯ ಬೆಲೆ ಏನಾಗುತ್ತೆ ಅಂತ ಒಂದು ಪುಸ್ತಕ ಇದೆ ಅನ್ಕೊಳ್ಳಿ. ಅದು ಹವಾಮಾನವಾ, ಕೃಷಿಯಾ, ಅರ್ಥಶಾಸ್ತ್ರವಾ? ಲೈಬ್ರರಿಯನ್ ಒಂದನ್ನು ಆರಿಸಬೇಕು. ಆರಿಸಿದ ಕ್ಷಣಕ್ಕೆ ಉಳಿದೆರಡು ಕಳೆದುಹೋಗುತ್ತೆ.

ಬ್ರಸೆಲ್ಸಿನ ಎರಡು ಚುಕ್ಕಿ

ಈ ಕಷ್ಟವನ್ನು ಚೆನ್ನಾಗಿ ಅರಿತಿದ್ದ ಇಬ್ಬರು ಬೆಲ್ಜಿಯಂನಲ್ಲಿದ್ದರು. ಪಾಲ್ ಓಟ್ಲೆ ಮತ್ತು ಹೆನ್ರಿ ಲಾ ಫೊಂಟೇನ್, ಇಬ್ಬರೂ ವಕೀಲಿ ಓದಿದವರು. ಲಾ ಫೊಂಟೇನ್‌ಗೆ 1913ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. 1895ರಲ್ಲಿ ಇಬ್ಬರೂ ಸೇರಿ ಲೋಕದಲ್ಲಿ ಪ್ರಕಟವಾದದ್ದನ್ನೆಲ್ಲ ಕಾರ್ಡುಗಳ ಮೇಲೆ ದಾಖಲಿಸುವ ಕೆಲಸ ಹಿಡಿದರು. ಕೊನೆಗೆ ಆ ಕಾರ್ಡುಗಳ ಸಂಖ್ಯೆ 1 ಕೋಟಿ ದಾಟಿತು. ಡ್ರಾಯರುಗಳ ಗೋಡೆ, ಗೋಡೆಗಳ ಕೋಣೆ, ಕೋಣೆಗಳ ಕಟ್ಟಡ. ಕಂಪ್ಯೂಟರ್ ಇಲ್ಲದ ಕಾಲದ ಡೇಟಾಬೇಸ್.

ಡ್ಯೂಯಿಯ ಸಂಖ್ಯೆಗಳನ್ನೇ ತಗೊಂಡು ಅವರು ಒಂದು ಚಿಹ್ನೆ ಸೇರಿಸಿದರು: ಎರಡು ಚುಕ್ಕಿ, ಅಂದರೆ ನಾವು ಕೋಲನ್ ಅನ್ನೋದು. 17 ಅಂದರೆ ನೀತಿಶಾಸ್ತ್ರ, 7 ಅಂದರೆ ಕಲೆ. 17:7 ಅಂದರೆ ಕಲೆಗೆ ಸಂಬಂಧಿಸಿದ ಹಾಗೆ ನೀತಿಶಾಸ್ತ್ರ. ಇದು ದೊಡ್ಡ ಹೆಜ್ಜೆ. ಮರದ ಎರಡು ಕೊಂಬೆಗಳ ನಡುವೆ ಮೊದಲ ಸಲ ಹಗ್ಗ ಕಟ್ಟಿದ ಹಾಗೆ.

ಆದರೆ ಆ ಎರಡು ಚುಕ್ಕಿ ನಮ್ಮ ಆಫೀಸಿನ "ರಿಲೇಟೆಡ್" ಲಿಂಕಿನ ಮುತ್ತಾತ. 17:7 ಅಂದರೂ 7:17 ಅಂದರೂ ಅರ್ಥ ಹೆಚ್ಚುಕಡಿಮೆ ಅದೇ. ಕಲೆ ನೀತಿಯನ್ನು ಕೆಡಿಸುತ್ತೆ ಅಂತಲೋ, ನೀತಿ ಕಲೆಯನ್ನು ಕಟ್ಟಿಹಾಕುತ್ತೆ ಅಂತಲೋ? ಚಿಹ್ನೆಗೆ ಅದು ಗೊತ್ತಿಲ್ಲ. ಏನೋ ನಂಟಿದೆ ಅಂತ ಹೇಳಿ ಸುಮ್ಮನಾಗುತ್ತೆ.

ಗಣಿತದ ಮೇಷ್ಟ್ರು ಲೈಬ್ರರಿಗೆ ಬಂದರು

ಈಗ ಮದ್ರಾಸಿಗೆ ಬನ್ನಿ. ಶಿಯಾಳಿ ರಾಮಾಮೃತ ರಂಗನಾಥನ್. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದವರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸ್ತಾ ಇದ್ದವರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಲೈಬ್ರರಿಯನ್ ಆದರು. ಲೈಬ್ರರಿ ವಿದ್ಯೆ ಕಲಿತವರಾಗಿರಲಿಲ್ಲ. ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ಬೇಜಾರು ಹಿಡಿದು, ನನ್ನನ್ನು ವಾಪಸ್ ಪಾಠಕ್ಕೇ ಕಳಿಸಿ ಅಂತ ಕೇಳಿಕೊಂಡರು. ಹೊಸ ಪ್ರಾಜೆಕ್ಟಿಗೆ ಹೋಗಿ ಮೊದಲ ವಾರದಲ್ಲೇ ಹಳೇ ಮ್ಯಾನೇಜರಿಗೆ ಮೆಸೇಜ್ ಹಾಕಿದ ನೆನಪು ನಮ್ಮಲ್ಲಿ ಯಾರಿಗಿಲ್ಲ ಹೇಳಿ?

ಮೇಲಿನವರು ಒಂದು ಒಪ್ಪಂದ ಮಾಡಿದರು: ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ. ಹೋದರು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಹತ್ತಿರ ವರ್ಗೀಕರಣ ಕಲಿತರು. ಡ್ಯೂಯಿಯ ಮರ ಅವರಿಗೆ ಸರಿ ಕಾಣಲಿಲ್ಲ. ವಿಷಯಗಳ ಪಟ್ಟಿಯನ್ನು ಎಷ್ಟೇ ಉದ್ದ ಮಾಡಿದರೂ ನಾಳೆ ಹುಟ್ಟುವ ವಿಷಯ ಅದರಲ್ಲಿ ಇರಲ್ಲ. ಗಣಿತದವರಿಗೆ ಇದು ತಕ್ಷಣ ಹೊಳೆಯುವ ತೊಂದರೆ. ಅನಂತವಾದದ್ದನ್ನು ಪಟ್ಟಿ ಮಾಡೋಕೆ ಹೋಗಬಾರದು, ಅದನ್ನು ಹುಟ್ಟಿಸುವ ನಿಯಮ ಬರೀಬೇಕು.

ಉತ್ತರ ಸಿಕ್ಕಿದ್ದು ಆಟಿಕೆ ಅಂಗಡಿಯಲ್ಲಿ. ಲಂಡನ್ನಿನ ಒಂದು ದೊಡ್ಡ ಮಳಿಗೆಯಲ್ಲಿ ಮೆಕ್ಯಾನೋ ಸೆಟ್ ತೋರಿಸ್ತಾ ಇದ್ದರು. ತೂತು ಇರುವ ಪಟ್ಟಿಗಳು, ಚಕ್ರಗಳು, ನಟ್ಟು ಬೋಲ್ಟು. ಅದೇ ತುಣುಕುಗಳಿಂದ ಒಂದು ಸಲ ಕ್ರೇನು, ಇನ್ನೊಂದು ಸಲ ಸೇತುವೆ. ಪುಸ್ತಕದ ವಿಷಯವನ್ನೂ ಹೀಗೇ ಕಟ್ಟಬಹುದಲ್ಲ ಅಂತ ರಂಗನಾಥನ್‌ಗೆ ಹೊಳೆಯಿತು. ಮೂಲ ಪರಿಕಲ್ಪನೆಗಳು ಪಟ್ಟಿಗಳಾದರೆ, ಸಂಬಂಧಗಳು ನಟ್ಟು ಬೋಲ್ಟು. ಊರಿಗೆ ಬರುವ ಹಡಗಿನಲ್ಲೇ ಕೆಲಸ ಶುರುವಾಯ್ತು. 1925ರಲ್ಲಿ ಮದ್ರಾಸಿಗೆ ವಾಪಸ್ಸು. ಪಾಠಕ್ಕೆ ಮರಳುವ ಮಾತು ಮತ್ತೆ ಬರಲಿಲ್ಲ. 1933ರಲ್ಲಿ "ಕೋಲನ್ ಕ್ಲಾಸಿಫಿಕೇಶನ್" ಪುಸ್ತಕ ಹೊರಬಂತು. ಹೆಸರಿನಲ್ಲೇ ಎರಡು ಚುಕ್ಕಿ.

ವಿಭಕ್ತಿ ಪ್ರತ್ಯಯದ ಹಾಗೆ

ಅವರು ಮಾಡಿದ್ದೇನು ಅಂತ ಕನ್ನಡದಲ್ಲೇ ಸುಲಭವಾಗಿ ಹೇಳಬಹುದು. ಹಾವು, ಕಪ್ಪೆ, ತಿಂದಿತು. ಮೂರು ಪದ. ಯಾರು ಯಾರನ್ನು ತಿಂದರು? "ಹಾವು ಕಪ್ಪೆಯನ್ನು ತಿಂದಿತು" ಅಂದಾಗ "ಅನ್ನು" ಅನ್ನೋ ಪ್ರತ್ಯಯ ಸಂಬಂಧವನ್ನು ಹೇಳುತ್ತೆ. ಪದಗಳನ್ನು ಹಿಂದೆಮುಂದೆ ಮಾಡಿ, "ಕಪ್ಪೆಯನ್ನು ಹಾವು ತಿಂದಿತು" ಅನ್ನಿ, ಅರ್ಥ ಕೆಡಲ್ಲ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿಭಕ್ತಿಗಳನ್ನು ವಿವರಿಸಿದ್ದು ನಮಗೆ ಸ್ಕೂಲಿನಲ್ಲಿ ಬರೀ ಬಾಯಿಪಾಠ ಆಗಿತ್ತು. ಆದರೆ ಅದರ ಕೆಲಸ ಇದೇ: ಎರಡು ವಸ್ತುಗಳ ನಡುವೆ ಇರುವುದು ಎಂಥ ನಂಟು ಅಂತ ಗುರುತು ಹಾಕೋದು.

ರಂಗನಾಥನ್ ವಿಷಯಗಳಿಗೆ ವಿಭಕ್ತಿ ಹಚ್ಚಿದರು. ಮೊದಲ ಆವೃತ್ತಿಯಲ್ಲಿ ಎರಡು ಚುಕ್ಕಿ ಒಂದೇ ಎಲ್ಲ ಕೆಲಸ ಮಾಡ್ತಿತ್ತು. ಮುಂದೆ 1950ರ ದಶಕದ ಹೊತ್ತಿಗೆ ಯಾವ ವಿಷಯವನ್ನಾದರೂ ಐದು ಬಗೆಯ ತುಣುಕುಗಳಾಗಿ ಬಿಡಿಸಬಹುದು ಅನ್ನುವ ಕಡೆಗೆ ಬಂದರು. ಮುಖ್ಯವಾಗಿ ಯಾವುದರ ಬಗ್ಗೆ, ಅದರ ದ್ರವ್ಯ ಅಥವಾ ಗುಣ ಏನು, ಅದಕ್ಕೆ ಏನು ಕ್ರಿಯೆ ನಡೆಯಿತು, ಎಲ್ಲಿ, ಯಾವಾಗ. ಕ್ರಮೇಣ ಒಂದೊಂದಕ್ಕೂ ಒಂದೊಂದು ಚಿಹ್ನೆ ಬಂತು: ಅಲ್ಪವಿರಾಮ, ಅರ್ಧವಿರಾಮ, ಎರಡು ಚುಕ್ಕಿ, ಒಂದು ಚುಕ್ಕಿ, ಮೇಲಿನ ಸಣ್ಣ ಗೀಟು.

ಲೈಬ್ರರಿ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ನೋಡಿ. ಸಂಕೇತ ಹೀಗಿದೆ: ಎಲ್,45;421:6;253:ಎಫ್.44'ಎನ್5. ನೋಡಿದರೆ ವೈಫೈ ಪಾಸ್‌ವರ್ಡ್ ಇದ್ದಂಗಿದೆ! ಬಿಡಿಸೋಣ. ಎಲ್ ಅಂದರೆ ವೈದ್ಯವಿದ್ಯೆ. 45 ಶ್ವಾಸಕೋಶ. 421 ಕ್ಷಯ. 6 ಚಿಕಿತ್ಸೆ. 253 ಎಕ್ಸ್‌ರೇ. ಎಫ್ ಸಂಶೋಧನೆ. 44 ಭಾರತ. ಎನ್5 ಅಂದರೆ 1950ರ ದಶಕ. ಸೇರಿಸಿ ಓದಿದರೆ, ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆಯ ಬಗ್ಗೆ 1950ರ ದಶಕದಲ್ಲಿ ಭಾರತದಲ್ಲಿ ನಡೆದ ಸಂಶೋಧನೆ. ಈ ಇಡೀ ವಿಷಯ ಯಾವ ಪಟ್ಟಿಯಲ್ಲೂ ಮೊದಲೇ ಇರಲಿಲ್ಲ. ತುಣುಕುಗಳಿದ್ದವು, ಜೋಡಿಸುವ ಚಿಹ್ನೆಗಳಿದ್ದವು, ಅಷ್ಟೇ. ಡ್ಯೂಯಿ ಮರದಲ್ಲಿ ಕೊಂಬೆ ಹುಡುಕಿದರೆ ರಂಗನಾಥನ್ ವಾಕ್ಯ ಬರೆದರು.

ಎರಡು ಬೇರೆ ಬೇರೆ ಶಾಸ್ತ್ರಗಳು ಎದುರುಬದುರಾದಾಗ ಏನು ಮಾಡಬೇಕು? ಅದಕ್ಕೂ ಅವರ ಹತ್ತಿರ ಸಂಬಂಧಗಳ ಪ್ರತ್ಯೇಕ ಪಟ್ಟಿ ಇತ್ತು. ಸಾಮಾನ್ಯ ನಂಟು ಒಂದು. ಒಲವು ಇನ್ನೊಂದು, ಅಂದರೆ ಎಂಜಿನಿಯರುಗಳಿಗಾಗಿ ಬರೆದ ಗಣಿತದಂಥದ್ದು. ಹೋಲಿಕೆ, ವ್ಯತ್ಯಾಸ, ಪ್ರಭಾವ ಉಳಿದವು. ಪ್ರಭಾವ ಆದರೆ ದಿಕ್ಕೂ ಮುಖ್ಯ. ಪ್ರಭಾವಕ್ಕೆ ಒಳಗಾದದ್ದು ಮೊದಲು ಬರಬೇಕು, ಪ್ರಭಾವ ಬೀರಿದ್ದು ಆಮೇಲೆ. ರಾಜಕೀಯದ ಮೇಲೆ ಭೂಗೋಳದ ಪ್ರಭಾವ ಅನ್ನೋ ಪುಸ್ತಕ ರಾಜಕೀಯದ ಕಪಾಟಿಗೆ ಹೋಗುತ್ತೆ. ಬ್ರಸೆಲ್ಸಿನ ಎರಡು ಚುಕ್ಕಿ ಹೇಳದೇ ಬಿಟ್ಟಿದ್ದು ಇದನ್ನೇ. ನಮ್ಮ ತೆರಿಗೆ ಟೇಬಲ್ಲಿನ ಪುಟದ ಕೆಳಗೆ ಈ ಒಂದು ಬಾಣ ಇದ್ದಿದ್ದರೆ ನಾವು ಆ ರಾತ್ರಿ ನಿದ್ದೆ ಮಾಡಿರ್ತಿದ್ವಿ.

ನನಗೆ ಬಹಳ ಇಷ್ಟವಾದ ಇನ್ನೊಂದು ಸಣ್ಣ ವಿಷಯ. ಸ್ಥಳಗಳ ಪಟ್ಟಿಯಲ್ಲಿ 1 ಅಂದರೆ ಜಗತ್ತು. 4 ಏಷ್ಯಾ, 5 ಯುರೋಪ್. 2 ಮಾತ್ರ ಯಾವ ಖಂಡವೂ ಅಲ್ಲ, "ತಾಯ್ನಾಡು". ಲೈಬ್ರರಿ ಎಲ್ಲಿದೆಯೋ ಆ ದೇಶವೇ 2. ಮದ್ರಾಸಿನಲ್ಲಿ 2 ಅಂದರೆ ಭಾರತ, ಟೋಕಿಯೊದಲ್ಲಿ ಜಪಾನ್. ಬೇರು ಎಲ್ಲಿ ನೆಡಬೇಕು ಅನ್ನೋದನ್ನು ಓದುಗರ ಊರಿಗೇ ಬಿಟ್ಟರು. ಪರಾಧೀನ ದೇಶದ ಒಬ್ಬ ಮೇಷ್ಟ್ರು ಜಗತ್ತಿಗೆಲ್ಲ ಆಗುವ ಪದ್ಧತಿ ಬರೆದಾಗ ಇದು ಸಣ್ಣ ಮಾತಲ್ಲ.

ಕಾರಣ ಬರೆದಿಟ್ಟ ಮನುಷ್ಯ

ಪದ್ಧತಿ ಕೊಟ್ಟು ಸುಮ್ಮನಾಗಿದ್ದರೆ ರಂಗನಾಥನ್ ಇನ್ನೊಬ್ಬ ಡ್ಯೂಯಿ ಆಗಿರ್ತಿದ್ದರು. 1937ರಲ್ಲಿ "ಪ್ರೊಲೆಗೊಮೆನಾ ಟು ಲೈಬ್ರರಿ ಕ್ಲಾಸಿಫಿಕೇಶನ್" ಅಂತ ಇನ್ನೊಂದು ದೊಡ್ಡ ಪುಸ್ತಕ ತಂದರು. ಒಂದು ವರ್ಗೀಕರಣ ಒಳ್ಳೆಯದೋ ಕೆಟ್ಟದ್ದೋ ಅಂತ ಯಾವ ಸೂತ್ರಗಳಿಂದ ಅಳೆಯಬೇಕು ಅನ್ನೋದು ಅದರ ವಿಷಯ. ಕೋಡ್ ಮಾತ್ರ ಕಮಿಟ್ ಮಾಡಿ ಹೋಗದೆ ಡಿಸೈನ್ ಡಾಕ್ಯುಮೆಂಟನ್ನೂ ಬರೆದಿಟ್ಟ ಹಾಗೆ.

ಮುಂದೆ ಅವರು ಕೆಲಸವನ್ನು ಮೂರು ತಳಗಳಾಗಿ ಬೇರೆ ಮಾಡಿದರು: ವಿಚಾರದ ತಳ, ಮಾತಿನ ತಳ, ಸಂಕೇತದ ತಳ. ಮೊದಲು ಪರಿಕಲ್ಪನೆಗಳ ನಡುವೆ ನಿಜವಾಗಿ ಏನು ಸಂಬಂಧ ಅಂತ ಯೋಚಿಸು. ಆಮೇಲೆ ಅದಕ್ಕೆ ಪದ ಹುಡುಕು. ಕೊನೆಗೆ ಅದಕ್ಕೊಂದು ನಂಬರ್ ಕೊಡು. ಮಗಳ ಹಾಳೆಯಲ್ಲಿ ಆಗಿದ್ದು ಇದರ ಉಲ್ಟಾ. ಇಂಗ್ಲಿಷಿನ ಪದ ಮೊದಲು ಬಂತು, ಬಾಕ್ಸು ಅದಕ್ಕೆ ತಕ್ಕಂತೆ ಬಂತು, ನಮ್ಮ ಮನೆಯ ಸಂಬಂಧ ಆ ಬಾಕ್ಸಿನೊಳಗೆ ಮುದುಡಿಕೊಳ್ಳಬೇಕಾಯ್ತು.

ಹಾಗಾದ್ರೆ ಈ ಪದ್ಧತಿ ಯಾಕೆ ಜಗತ್ತೆಲ್ಲ ಇಲ್ಲ? ಇದನ್ನು ಮುಚ್ಚಿಡೋದು ಬೇಡ. ಸಂಕೇತಗಳು ಉದ್ದ, ಪುಸ್ತಕದ ಬೆನ್ನಿಗೆ ಹಿಡಿಸಲ್ಲ. ಕಪಾಟು ಜೋಡಿಸುವವರಿಗೆ ತಲೆನೋವು. ಜೊತೆಗೆ ಆವೃತ್ತಿಯಿಂದ ಆವೃತ್ತಿಗೆ ದೊಡ್ಡ ಬದಲಾವಣೆ. ಹಳೆಯ ಆವೃತ್ತಿಯಲ್ಲಿ ನಂಬರ್ ಹಾಕಿದ ಸಾವಿರಾರು ಪುಸ್ತಕಗಳಿಗೆ ಮತ್ತೆ ನಂಬರ್ ಹಾಕೋರು ಯಾರು? ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಇಲ್ಲದ ರಿಲೀಸಿನ ಕಷ್ಟ ನಮಗೆ ಹೇಳಿಕೊಡಬೇಕಿಲ್ಲ. ಏಳನೇ ಆವೃತ್ತಿ ಬಂದಿದ್ದು 1987ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ. ಡ್ಯೂಯಿಯ ಬೆನ್ನಿಗೆ ಅದನ್ನು ಸತತವಾಗಿ ತಿದ್ದಿ ಹಂಚುವ ಗಟ್ಟಿ ಸಂಸ್ಥೆಗಳಿದ್ದವು. ಕೋಲನ್ ಪದ್ಧತಿ ಬಳಸಿದ್ದು ಬಹುಪಾಲು ಭಾರತದ ಕೆಲವು ಗ್ರಂಥಾಲಯಗಳು. ಮೂರು ತಳಗಳಲ್ಲಿ ಸೋತಿದ್ದು ಸಂಕೇತದ ತಳ. ವಿಚಾರದ ತಳ ಸೋಲಲಿಲ್ಲ.

ಮೈಸೂರು ರಸ್ತೆಯ ಕಡೆಗೆ

1952ರಲ್ಲಿ ಲಂಡನ್ನಿನಲ್ಲಿ ಕ್ಲಾಸಿಫಿಕೇಶನ್ ರಿಸರ್ಚ್ ಗ್ರೂಪ್ ಅಂತ ಒಂದು ಗುಂಪು ಸೇರಿತು. ರಂಗನಾಥನ್ ಅವರ ವಿಚಾರದ ಗಾಢ ಪ್ರಭಾವ ಅವರ ಮೇಲಿತ್ತು. ವಿಷಯವನ್ನು ಮುಖಗಳಾಗಿ ಬಿಡಿಸುವ ಕ್ರಮವೇ ಮಾಹಿತಿ ಹುಡುಕಾಟಕ್ಕೆಲ್ಲ ಅಡಿಪಾಯ ಆಗಬೇಕು ಅಂತ 1955ರಲ್ಲಿ ಅವರು ಬರೆದರು. ಇವತ್ತು ನೀವು ಆನ್‌ಲೈನ್ ಅಂಗಡಿಯಲ್ಲಿ ಶೂ ಹುಡುಕುವಾಗ ಎಡಗಡೆ ಬ್ರಾಂಡ್, ಬಣ್ಣ, ಅಳತೆ, ಬೆಲೆ ಅಂತ ಬೇರೆ ಬೇರೆ ಫಿಲ್ಟರ್ ಬರುತ್ತಲ್ಲ, ನಮ್ಮ ಕಸುಬಿನಲ್ಲಿ ಅದಕ್ಕೆ ಫ್ಯಾಸೆಟೆಡ್ ಸರ್ಚ್ ಅಂತಾರೆ. ಆ ಫ್ಯಾಸೆಟ್ ಅನ್ನೋ ಮಾತಿನ ಬೇರು ಇಲ್ಲಿದೆ. ಸರ್ಚ್ ಟೀಮಿನಲ್ಲಿರುವ ಗೆಳೆಯರಿಗೆ ಇದನ್ನು ಹೇಳಿದಾಗ ಅರ್ಧ ಜನ ನಂಬಲಿಲ್ಲ.

ರಂಗನಾಥನ್ ಬನಾರಸ್, ದೆಹಲಿ, ಜ್ಯೂರಿಕ್ ಎಲ್ಲ ಮುಗಿಸಿ 1957ರ ಹೊತ್ತಿಗೆ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಡಿಯಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಬೆಂಗಳೂರಿನಲ್ಲಿ ಶುರುವಾಯ್ತು. ಚಿಕ್ಕದಾಗಿ ಡಿ.ಆರ್.ಟಿ.ಸಿ. ಅಲ್ಲಿ ಗಣೇಶ್ ಭಟ್ಟಾಚಾರ್ಯ ಅವರು ಪಾಪ್ಸಿ ಅನ್ನುವ ವಿಷಯಸೂಚಿ ಪದ್ಧತಿ ಕಟ್ಟಿದರು. ಶಾಸ್ತ್ರ, ವಸ್ತು, ಗುಣ, ಕ್ರಿಯೆ ಅಂತ ಬಿಡಿಸಿ ಪರಿಕಲ್ಪನೆಗಳನ್ನು ಕ್ರಮವಾಗಿ ದಾಖಲಿಸುವ ವಿಧಾನ ಅದು. ರಂಗನಾಥನ್ 1972ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಡಿ.ಆರ್.ಟಿ.ಸಿ. ಇವತ್ತು ಮೈಸೂರು ರಸ್ತೆಯಲ್ಲಿ, ಆರ್.ವಿ. ಎಂಜಿನಿಯರಿಂಗ್ ಕಾಲೇಜಿಗೆ ಹತ್ತಿರದಲ್ಲಿದೆ. ನಮ್ಮಲ್ಲಿ ಎಷ್ಟು ಜನ ಆ ಗೇಟಿನ ಮುಂದೆ ಸಿಟಿ ಬಸ್ಸಿಗೆ ಕಾದಿದ್ದೇವೋ!

ಈಗ ಯಾರು ಬರೀತಾ ಇದ್ದಾರೆ?

ಕಂಪ್ಯೂಟರ್ ಬಂತು, ಕೆಲಸ ಮುಗಿಯಲಿಲ್ಲ. 1985ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಾರ್ಜ್ ಮಿಲ್ಲರ್ ಅವರ ತಂಡ ವರ್ಡ್‌ನೆಟ್ ಶುರು ಮಾಡಿತು. ಇಂಗ್ಲಿಷ್ ಪದಗಳನ್ನು ಅಕಾರಾದಿಯಲ್ಲಿ ಇಡದೆ, ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ, ಯಾವುದಕ್ಕೆ ಯಾವುದು ವಿರುದ್ಧ ಅಂತ ಸಂಬಂಧಗಳಿಂದ ಹೆಣೆದರು. ನಮ್ಮಲ್ಲಿ ಅಮರಕೋಶ ಪದಗಳನ್ನು ವಿಷಯದ ವರ್ಗಗಳಾಗಿ ಜೋಡಿಸಿ ಶತಮಾನಗಳೇ ಆಗಿವೆ. ಆದರೆ ಅಲ್ಲಿ ಸಂಬಂಧ ಒಳಗೊಳಗೇ ಇದೆ, ಬಾಯಿಬಿಟ್ಟು ಹೇಳಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಸ್ಕೃತ ವಿಭಾಗದವರು ಕೂತು ಅದರ ಪದಗಳಿಗೆ ಅವಯವ ಅವಯವಿ, ಜನ್ಯ ಜನಕ, ಪತಿ ಪತ್ನಿ, ಸ್ವ ಸ್ವಾಮಿ, ಆಜೀವಿಕೆ ಅಂತ ಸಂಬಂಧದ ಗುರುತು ಹಾಕಿದ್ದಾರೆ. ಹೊಸ ಪದ ಒಂದೂ ಸೇರಿಸಲಿಲ್ಲ, ಗೆರೆಗಳಿಗೆ ಹೆಸರು ಕೊಟ್ಟರು. ಹಳೆಯ ಕೋಶವನ್ನು ಯಂತ್ರವೂ ಓದುವ ಹಾಗಾಯ್ತು.

ಮುಂಬೈಯ ಐಐಟಿಯಿಂದ ಶುರುವಾದ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ. ಅದನ್ನು ಕಟ್ಟಿದ ಕ್ರಮ ಹೀಗೆ: ಹಿಂದಿಯ ಪರಿಕಲ್ಪನೆಗಳ ಜಾಲವನ್ನು ಆಧಾರ ಇಟ್ಟುಕೊಂಡು ಬೇರೆ ಭಾಷೆಗಳ ಪದಗಳನ್ನು ಅದಕ್ಕೆ ಹೊಂದಿಸೋದು. ಇಷ್ಟು ಭಾಷೆಗಳಿಗೆ ಬೇಗ ಆಗಬೇಕು ಅಂದರೆ ಇದು ಜಾಣ ದಾರಿ, ನಾನಾಗಿದ್ದರೂ ಹಾಗೇ ಮಾಡ್ತಿದ್ದೆ. ಆದರೆ ಅದರ ಬೆಲೆ ನಮಗೆ ಗೊತ್ತಿರಬೇಕು. ಪದ ಕನ್ನಡದ್ದು, ಗೆರೆಗಳು ಬೇರೆ ಭಾಷೆಯಿಂದ ಬಂದವು.

2012ರಲ್ಲಿ ಶುರುವಾದ ವಿಕಿಡೇಟಾ ಇನ್ನೂ ದೊಡ್ಡದು. ಅಲ್ಲಿ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ, ಪ್ರತಿ ಸಂಬಂಧಕ್ಕೂ ಒಂದು ಸಂಖ್ಯೆ. ಇದು ಅದರ ಒಂದು ಬಗೆ, ಇದು ಅದರ ಭಾಗ ಅಂತೆಲ್ಲ ಸ್ಪಷ್ಟವಾಗಿ ಹೇಳಬಹುದು, ಹೇಳಿದ್ದಕ್ಕೆ ಆಧಾರವನ್ನೂ ಅಲ್ಲೇ ಕೊಡಬಹುದು. ಹೊಸ ಸಂಬಂಧ ಬೇಕಾದರೆ ಪ್ರಸ್ತಾಪ ಇಟ್ಟು, ಯಾಕೆ ಬೇಕು ಅಂತ ವಾದ ಮಾಡಿ ಒಪ್ಪಿಸಬೇಕು. ರಂಗನಾಥನ್ ನೋಡಿದ್ದರೆ ಖುಷಿಪಡ್ತಿದ್ದರು ಅನ್ನಿಸುತ್ತೆ. ಅಪ್ಪ, ಅಮ್ಮ, ಗಂಡಹೆಂಡತಿ, ಮಕ್ಕಳು, ಒಡಹುಟ್ಟಿದವರು, ಇವಕ್ಕೆಲ್ಲ ಅಲ್ಲಿ ಸ್ವಂತ ಸಂಬಂಧ ಇದೆ. ಸೋದರಮಾವನಿಗೆ? "ಬಂಧು" ಅಂತ ಒಂದು ಸಾಮಾನ್ಯ ಸಂಬಂಧ ಹಾಕಿ, ಪಕ್ಕದಲ್ಲಿ ಯಾವ ನಂಟು ಅಂತ ಒಂದು ಟಿಪ್ಪಣಿ ಸೇರಿಸಬೇಕು. ಅವಕಾಶ ಇದೆ, ನಿಜ. ಆದರೆ ಟಿಪ್ಪಣಿ ಬರೆಯೋಕೆ ಯಾರಾದರೂ ಕೂತರೆ ತಾನೇ? ಬರೆಯದಿದ್ದರೆ ಮಾಮ ಮತ್ತೆ ಅಂಕಲ್.

ಅಪ್ಪನ ಫೋನು

ವಂಶವೃಕ್ಷದ ಹಾಳೆ ಮುಗಿದ ಮೇಲೆ ನಾನು ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ಕಣ, ಮೇಟಿ, ರೋಣಗಲ್ಲು, ರಾಶಿ, ಈ ಪದಗಳು ನನಗೆ ಗೊತ್ತಿದ್ದವು. ಯಾವ ನಿಘಂಟಿನಲ್ಲಾದರೂ ಸಿಗುತ್ತವೆ. ಒಂದಕ್ಕೊಂದು ಏನು ನಂಟು ಅಂತ ಮೊದಲ ಸಲ ಕೇಳಿದೆ.

ಅಪ್ಪ ಹೇಳ್ತಾ ಹೋದರು. ಮೇಟಿ ಅಂದರೆ ಕಣದ ನಟ್ಟನಡುವೆ ನೆಟ್ಟ ಕಂಬ. ಅದರ ಸುತ್ತ ದನ ತಿರುಗಬೇಕು. ರೋಣಗಲ್ಲನ್ನು ಎತ್ತು ಎಳೀಬೇಕು, ಅದು ತೆನೆಯ ಮೇಲೆ ಉರುಳಬೇಕು. ತೂರಿದ ಮೇಲೆ ಉಳಿದ ಕಾಳು ರಾಶಿ ಆಗುತ್ತೆ. ರಾಶಿಗೆ ಪೂಜೆ ಆಗೋವರೆಗೂ ಅಳೆಯೋ ಹಾಗಿಲ್ಲ. ನಾನು ಫೋನಿನ ಈ ಕಡೆ ಬರೀತಾ ಇದ್ದೆ: ಇದು ಅದರ ನಡುವೆ, ಇದು ಅದರಿಂದ ಎಳೆಯಲ್ಪಡುತ್ತೆ, ಇದು ಅದರ ನಂತರ. ನಮ್ಮೂರಲ್ಲಿ ಈಗ ರಾಗಿಯನ್ನು ಟಾರು ರಸ್ತೆಗೆ ಹಾಕ್ತಾರೆ, ಲಾರಿ ಬಸ್ಸು ಹಾದುಹೋಗಿ ತೆನೆ ಬಿಡುತ್ತೆ. ಕಣ ಹೋದರೂ "ಮೇಟಿ" ಅನ್ನೋ ಪದ ನಿಘಂಟಿನಲ್ಲಿ ಉಳಿಯುತ್ತೆ. ಆ ಕಂಬ ಯಾತಕ್ಕೆ ಅಲ್ಲಿ ನಿಂತಿತ್ತು ಅನ್ನೋದು ಅಪ್ಪನ ವಯಸ್ಸಿನವರ ಬಾಯಲ್ಲಿ ಮಾತ್ರ ಇದೆ.

ನಾವು ಊರು ಬಿಟ್ಟವರು. ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ದಿನವೂ ಬೇರೆಯವರ ಡೇಟಾಗೆ ಸ್ಕೀಮಾ ಬರೆಯುವವರು. ಗೆರೆಗೆ ಹೆಸರು ಕೊಡೋ ವಿದ್ಯೆ ನಮ್ಮ ಕೈಯಲ್ಲಿದೆ, ಗೆರೆ ಗೊತ್ತಿರುವವರು ಫೋನಿನ ಆ ಕಡೆ ಇದ್ದಾರೆ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಯಾವುದಾದರೂ ಎರಡು ಪದ ತಗೊಳ್ಳಿ. ನಿಮ್ಮ ಅಮ್ಮನ ಅಡುಗೆಮನೆಯದ್ದಾಗಲಿ, ದೊಡ್ಡಪ್ಪನ ತೋಟದ್ದಾಗಲಿ. ಇದಕ್ಕೂ ಅದಕ್ಕೂ ಏನು ನಂಟು, ಯಾವುದರಿಂದ ಯಾವುದು, ನಿಮಗೆ ಹೇಳಿದವರು ಯಾರು ಅಂತ ಕೇಳಿ. ಕೇಳಿದ್ದನ್ನು ಬರೆದಿಡಿ, ಸುಮ್ಮನೆ "ರಿಲೇಟೆಡ್" ಅಂತ ಬರೀಬೇಡಿ.

ಮಗಳ ಹಾಳೆ ಏನಾಯ್ತು ಅಂತ ವಿಡಿಯೊ ನೋಡಿದ ಕೆಲವರು ಕೇಳಿದರು. ಅಚ್ಚಾದ ಬಾಕ್ಸು ಹಾಗೇ ಇದೆ. ಗೆರೆಗಳ ಮೇಲೆ ಮಾತ್ರ ಪೆನ್ಸಿಲಿನಲ್ಲಿ, ವಕ್ರ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿದ್ದಾಳೆ: ಒಂದರ ಮೇಲೆ "ಅಪ್ಪನ ಅಣ್ಣ", ಇನ್ನೊಂದರ ಮೇಲೆ "ಅಮ್ಮನ ತಮ್ಮ". ಟೀಚರಿಗೆ ಕನ್ನಡ ಬರಲ್ಲ. ಅದೇನು ಅಂತ ಕೇಳಿದರಂತೆ. ಇವಳು ವಿವರಿಸಿದಳಂತೆ.

ಮುಂದಿನ ವಾರ ಸಿಗೋಣ. ನಮಸ್ಕಾರ.